ಮೊಬೈಲಿನ ವಿಷಯದಲ್ಲಿ ಮಕ್ಕಳಿಗೆ ನಾನು ಬುದ್ಧಿ ಹೇಳಲಾರೆ

ಕಳೆದ ತಿಂಗಳು ಬಂಧುಗಳೊಬ್ಬರ ಮನೆಯ ಗೃಹಪ್ರವೇಶದಲ್ಲಿ, ಊಟದ ಎರಡನೆಯ ಪಂಕ್ತಿಗಾಗಿ ಕಾಯುತ್ತ ಕುಳಿತಿದ್ದಾಗ, ನಾಲ್ವರು ತಂದೆತಾಯಿಗಳು ನನ್ನನ್ನು ಸುತ್ತುವರಿದರು. ಅವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳೇ. "ಮೇಷ್ಟ್ರೇ, ನಮ್ಮ ಮಾತನ್ನಂತೂ ಕೇಳುವುದಿಲ್ಲ. ನೀವಾದರೂ ಈ ಹುಡುಗರಿಗೆ ಮೊಬೈಲಿನ ವಿಷಯವಾಗಿ ನಾಲ್ಕು ಬುದ್ಧಿಮಾತು ಹೇಳಿ" ಎಂಬುದು ಅವರ ಬಿನ್ನಹ. ಹುಡುಗರು ಜಗಲಿಯ ಮೂಲೆಯಲ್ಲಿ ಸಾಲಾಗಿ ತಲೆ ಬಾಗಿಸಿ ಕುಳಿತಿದ್ದುದು ನಿಜ. ಆದರೆ ಬಿನ್ನವಿಸಿಕೊಂಡ ನಾಲ್ವರಲ್ಲಿ ಮೂವರ ಅಂಗೈಯಲ್ಲಿ ಆ ಹೊತ್ತಿಗೂ ಫೋನಿತ್ತು. ಒಬ್ಬರಂತೂ ನನ್ನೊಡನೆ ಮಾತನಾಡುತ್ತಲೇ ಎರಡು ಬಾರಿ ಅದರ ಮುಖ ನೋಡಿಕೊಂಡರು. ನಾನು ನಕ್ಕು, ಎಲೆ ಹಾಕಿದರೆಂದು ಎದ್ದುಬಿಟ್ಟೆ. ಅಂದು ಹೇಳದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆಲವರಿಗೆ ಕಹಿಯಾದೀತು. ಮೂವತ್ತನಾಲ್ಕು ವರ್ಷ ನಿಮ್ಮ ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿಯಲ್ಲಿ ಗೀಚಿದವನ ಹಕ್ಕೆಂದು ಸಹಿಸಿಕೊಳ್ಳಬೇಕು.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಬಿಡುತ್ತೇನೆ. ನಾನು ಯಂತ್ರದ್ವೇಷಿಯಲ್ಲ. ನಿವೃತ್ತನಾದ ಮೇಲೆ ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚು ಕಲಿತವನು. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳ ಪುಟಗಳು ತೆರೆದುಕೊಂಡಾಗ ಬೆರಗಾದವನು. 2020ರ ಲಾಕ್‌ಡೌನ್ ದಿನಗಳಲ್ಲಿ ಸಮುದ್ರದಾಚೆಯಿದ್ದ ಮಗಳ ಮುಖವನ್ನು ಪ್ರತಿದಿನ ತೋರಿಸಿದ ಯಂತ್ರವನ್ನು ಬೈದರೆ ನಾಲಗೆಗೆ ದೋಷ ಬರುತ್ತದೆ. ನನ್ನ ಜಗಳವಿರುವುದು ಬೇರೆಡೆ.

ಈ ಚರ್ಚೆ ಬಂದಾಗಲೆಲ್ಲ ನಮ್ಮ ಹಿರಿಯರು ಉರುಳಿಸುವ ಉಪಮೆಯೊಂದಿದೆ: "ಮೊಬೈಲು ಕತ್ತಿಯಿದ್ದಂತೆ. ಹಣ್ಣನ್ನೂ ಹೆಚ್ಚಬಹುದು, ಕತ್ತನ್ನೂ ಕೊಯ್ಯಬಹುದು. ಎಲ್ಲವೂ ಬಳಸುವವನ ಕೈಯಲ್ಲಿದೆ." ನಾನೂ ತರಗತಿಗಳಲ್ಲಿ ಇಂಥ ಉಪಮೆಗಳನ್ನು ಧಾರಾಳವಾಗಿ ಬಳಸಿದವನೇ. ಆದರೆ ಈ ಒಂದು ಉಪಮೆ ಅತ್ಯಂತ ಅಪ್ರಾಮಾಣಿಕವಾದುದು. ನಮ್ಮ ಮನೆಯ ಕತ್ತಿ ರಾತ್ರಿ ಹನ್ನೊಂದು ಗಂಟೆಗೆ ಅಡಿಗೆಮನೆಯಿಂದ ನನ್ನನ್ನು ಕೂಗಿ ಕರೆದದ್ದಿಲ್ಲ. ನೆರೆಮನೆಯವರು ಈಗಷ್ಟೇ ಏನು ಹೆಚ್ಚಿದರೆಂದು ಅದು ನನಗೆ ತಿಳಿಸುವುದಿಲ್ಲ. ನಾನು ಎಷ್ಟು ಹೊತ್ತು ಹಿಡಿದಿದ್ದೆನೆಂದು ಲೆಕ್ಕವಿಟ್ಟು, ನಾಳೆ ಇನ್ನೂ ಹತ್ತು ನಿಮಿಷ ಹೆಚ್ಚು ಹಿಡಿಯುವಂತೆ ತನ್ನ ಹಿಡಿಯನ್ನು ತಾನೇ ಬದಲಿಸಿಕೊಳ್ಳುವುದಿಲ್ಲ. ಕತ್ತಿಯ ಕಮ್ಮಾರನಿಗೆ ಅದನ್ನು ಮಾರಿದ ಮೇಲೆ ನನ್ನಿಂದ ಆಗಬೇಕಾದುದೇನೂ ಇರಲಿಲ್ಲ. ಈ ಪುಕ್ಕಟೆ ಸಾಮಗ್ರಿಯ ಕಮ್ಮಾರರಿಗಾದರೋ ನಾನು ಹಿಡಿದುಕೊಂಡಿರುವ ಪ್ರತಿ ನಿಮಿಷವೂ ಜಾಹೀರಾತುದಾರನಿಗೆ ಮಾರಬಹುದಾದ ಸರಕು.

ಇದು ಮುದುಕನ ಅನುಮಾನವೆಂದು ತಳ್ಳಿಹಾಕುವವರು ಆ ಉದ್ಯಮದವರೇ ಒಪ್ಪಿಕೊಂಡಿರುವುದನ್ನು ಗಮನಿಸಲಿ. ಪುಟ ಮುಗಿಯದೆ ಬೆರಳು ಎಳೆದಂತೆಲ್ಲ ಉಕ್ಕಿ ಬರುತ್ತಲೇ ಇರುವ ವ್ಯವಸ್ಥೆಯನ್ನು 2006ರಲ್ಲಿ ರೂಪಿಸಿದವನು ಏಜಾ ರಾಸ್ಕಿನ್ ಎಂಬ ತಂತ್ರಜ್ಞ. ಓದುಗನಿಗೆ 'ಮುಂದಿನ ಪುಟ' ಒತ್ತುವ ತೊಂದರೆ ತಪ್ಪಲಿ ಎಂಬುದಷ್ಟೇ ಅವನ ಉದ್ದೇಶವಾಗಿತ್ತು. ಆಮೇಲೆ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟ. ಫೇಸ್‌ಬುಕ್ಕಿನ ಮೊದಲ ಅಧ್ಯಕ್ಷನಾಗಿದ್ದ ಶಾನ್ ಪಾರ್ಕರ್, ಜನರ ಸಮಯವನ್ನೂ ಗಮನವನ್ನೂ ಆದಷ್ಟು ಹೆಚ್ಚು ಕಬಳಿಸುವುದು ಹೇಗೆಂಬುದೇ ತಮ್ಮ ಆರಂಭದ ಆಲೋಚನೆಯಾಗಿತ್ತೆಂದೂ, ಮನುಷ್ಯನ ಮನಸ್ಸಿನ ಒಂದು ದೌರ್ಬಲ್ಯವನ್ನು ಗೊತ್ತಿದ್ದೇ ಬಳಸಿಕೊಂಡೆವೆಂದೂ 2017ರಲ್ಲಿ ಹೇಳಿದ. ಅದೇ ವರ್ಷ ನೆಟ್‌ಫ್ಲಿಕ್ಸ್‌ನ ಮುಖ್ಯಸ್ಥರಾಗಿದ್ದ ರೀಡ್ ಹೇಸ್ಟಿಂಗ್ಸ್ ತಮ್ಮ ಸ್ಪರ್ಧಿಗಳ ಸಾಲಿನಲ್ಲಿ ಮನುಷ್ಯನ ನಿದ್ರೆಯನ್ನೂ ಸೇರಿಸಿದರು. ನಿಮ್ಮ ನಿದ್ರೆಯೊಡನೆ ಸ್ಪರ್ಧೆಗಿಳಿದ ವಸ್ತುವನ್ನು ಮಾವಿನಹಣ್ಣು ಹೆಚ್ಚುವ ಚಾಕುವಿಗೆ ಹೋಲಿಸುವುದು ಎಂಥ ಅಲಂಕಾರಶಾಸ್ತ್ರ?

ಬಿ.ಎಡ್. ಓದುವಾಗ ನಾವೆಲ್ಲ ಸ್ಕಿನ್ನರನ ಪಾರಿವಾಳಗಳ ಪಾಠವನ್ನು ಉರು ಹೊಡೆದಿದ್ದೆವು. ಇಷ್ಟು ಬಾರಿ ಕುಕ್ಕಿದರೆ ಒಂದು ಕಾಳು ಎಂದು ಲೆಕ್ಕ ಗೊತ್ತಾದ ಪಾರಿವಾಳ ಕಾಳು ತಿಂದು ಕೊಂಚ ಸುಮ್ಮನಿರುತ್ತದೆ. ಕಾಳು ಎಷ್ಟನೆಯ ಕುಕ್ಕಿಗೆ ಬರುವುದೋ ತಿಳಿಯದಂತೆ ಮಾಡಿದರೆ ಅದು ಬಿಡುವಿಲ್ಲದೆ ಕುಕ್ಕುತ್ತಲೇ ಇರುತ್ತದೆ. ಕಾಳು ನಿಲ್ಲಿಸಿದ ಮೇಲೂ ಬಹಳ ಹೊತ್ತು ಕುಕ್ಕುತ್ತದೆ. ಜೂಜಿನ ಯಂತ್ರದ ಗುಟ್ಟು ಇದೇ. ನಾವು ಪರದೆಯನ್ನು ಕೆಳಕ್ಕೆಳೆದು 'ಹೊಸತೇನಾದರೂ ಬಂದಿದೆಯೇ' ಎಂದು ನೋಡುವುದೂ ಇದೇ. ಹತ್ತು ಬಾರಿ ಏನೂ ಇರದು, ಹನ್ನೊಂದನೆಯ ಬಾರಿ ಮೊಮ್ಮಗನ ಭಾವಚಿತ್ರ. ಪರೀಕ್ಷೆಯಲ್ಲಿ ಹತ್ತು ಅಂಕಗಳಿಗೆ ಈ ಪ್ರಯೋಗವನ್ನು ವಿವರಿಸಿ ಬರೆದಿದ್ದ ನಾನು, ಐವತ್ತು ವರ್ಷಗಳ ಬಳಿಕ ಪಾರಿವಾಳವಾಗಿ ಕುಳಿತಿದ್ದೆನೆಂಬುದು ನನಗೆ ಹೊಳೆಯಲಿಲ್ಲ.

ಹೊಳೆದದ್ದು ಹೀಗೆ.

ಮೂರು ವರ್ಷಗಳ ಹಿಂದೆ, ಮಳೆಗಾಲದ ಒಂದು ಮಧ್ಯಾಹ್ನ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎರಡು ಬಸ್ಸು ಬದಲಿಸಿ ನಮ್ಮ ಮನೆಗೆ ಬಂದ. (ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡವೆಂದಿದ್ದಾನೆ, ನೀವೂ ಊಹಿಸಲು ಹೋಗಬೇಡಿ.) ಎಂಟನೆಯ ತರಗತಿಯಲ್ಲಿ ಅವನು ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದುವುದನ್ನು ಕಂಡು, ಪೇಟೆಗೆ ಕರೆದೊಯ್ದು ಕಣ್ಣು ತೋರಿಸಿ ಕನ್ನಡಕ ಕೊಡಿಸಿದ್ದೆ. ಈಗ ಅವನದೂ ತಲೆ ನರೆತಿದೆ. ಒದ್ದೆ ಕೊಡೆಯನ್ನು ಜಗಲಿಯಲ್ಲಿಟ್ಟು ನನ್ನೆದುರಿಗೆ ಕುಳಿತ. ಆ ದಿನ ನಮ್ಮ ನಿವೃತ್ತ ನೌಕರರ ವಾಟ್ಸಾಪ್ ಗುಂಪಿನಲ್ಲಿ ಪಿಂಚಣಿಯ ಬಗ್ಗೆ ಘನವಾದ ವಾಗ್ವಾದ ನಡೆದಿತ್ತು. ಯಾರೋ ಒಬ್ಬರು ನನ್ನ ಮಾತನ್ನು ಖಂಡಿಸಿದ್ದರು. ನಾನು ಉತ್ತರ ಸಿದ್ಧಪಡಿಸುತ್ತಿದ್ದೆ. ಅವನೊಡನೆ ಮಾತನಾಡಲಿಲ್ಲವೆಂದಲ್ಲ, ಮಳೆ ಬೆಳೆ ವಿಚಾರಿಸಿದೆ, ಕಾಫಿ ಕೊಡಿಸಿದೆ. ಫೋನು ಟಿಣ್ ಎಂದಾಗಲೆಲ್ಲ "ಒಂದು ನಿಮಿಷ" ಎಂದೆ. ಮುಕ್ಕಾಲು ಗಂಟೆ ಕುಳಿತಿದ್ದು, "ಬರುತ್ತೇನೆ ಮೇಷ್ಟ್ರೇ, ಬಸ್ಸಿಗೆ ಹೊತ್ತಾಯಿತು" ಎಂದು ಎದ್ದು ಹೋದ.

ಅವನು ತಿರುವಿನಲ್ಲಿ ಮರೆಯಾದ ಮೇಲೆ ನನ್ನ ಹೆಂಡತಿ ಹೇಳಿದಳು: "ಅವನು ಏನೋ ಹೇಳುವುದಕ್ಕೆ ಬಂದಿದ್ದ. ಮೂರು ಸಲ ಬಾಯಿ ತೆರೆದ."

ನಾನು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಆರು ತಿಂಗಳ ಮೇಲೆ ಬೇರೊಬ್ಬರಿಂದ ತಿಳಿಯಿತು: ಶುಲ್ಕ ಕಟ್ಟಲಾಗದೆ ಮಗಳನ್ನು ನರ್ಸಿಂಗ್ ಕಾಲೇಜಿನಿಂದ ಬಿಡಿಸಿದ್ದ, ಆ ಹುಡುಗಿ ಪೇಟೆಯ ಬಟ್ಟೆಯಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದಳು. ಬೇಕಾಗಿದ್ದ ಮೊತ್ತ ನಿಮ್ಮಲ್ಲಿ ಯಾರಾದರೂ ಇಬ್ಬರಿಗೆ ನಾನು ಒಂದು ಮಾತು ಹೇಳಿದ್ದರೆ ಸಂಜೆಯೊಳಗೆ ಒದಗುತ್ತಿದ್ದಷ್ಟೇ. ನಾನು ಅವನ ಮನೆಗೆ ಹೋದೆ. "ನನ್ನಲ್ಲಿ ಏಕೆ ಹೇಳಲಿಲ್ಲ?" ಎಂದು ಕೇಳಿದೆ. ಅವನು ಯಾವ ಕೊಂಕೂ ಇಲ್ಲದೆ, ನಿಜವಾದ ಗೌರವದಿಂದಲೇ ಹೇಳಿದ: "ನೀವು ಬ್ಯುಸಿ ಇದ್ದಿರಲ್ಲ ಮೇಷ್ಟ್ರೇ."

ಹಸಿದು ಬಂದ ಹುಡುಗನನ್ನು ಪ್ರಾರ್ಥನೆಯ ಸಾಲಿನಲ್ಲೇ ಮುಖ ನೋಡಿ ಗುರುತಿಸಬಲ್ಲೆನೆಂದು ಜಂಬಪಡುತ್ತಿದ್ದವನು ನಾನು. ಉಪಾಧ್ಯಾಯನ ಬಂಡವಾಳವೆಂದರೆ ಗಮನ. ಪಾಠ ಹೇಳುವುದು ಅದರ ಮೇಲಿನ ಬಡ್ಡಿ. ಆ ಬಂಡವಾಳವನ್ನು ನಾನು ಯಾರ ಗಲ್ಲಾಪೆಟ್ಟಿಗೆಗೆ ಸುರಿದಿದ್ದೆ? ಮಾಹಿತಿ ಹೇರಳವಾದಲ್ಲಿ ಗಮನ ವಿರಳವಾಗುತ್ತದೆಂದು ಹರ್ಬರ್ಟ್ ಸೈಮನ್ ಎಂಬ ಅರ್ಥಶಾಸ್ತ್ರಜ್ಞ 1971ರಲ್ಲಿಯೇ ಎಚ್ಚರಿಸಿದ್ದ. ನನಗೆ ಅದನ್ನು ಕಲಿಸಲು ಒದ್ದೆ ಕೊಡೆಯೊಂದು ಬೇಕಾಯಿತು. ಆ ಹುಡುಗಿ ಈಗ ಮತ್ತೆ ಓದುತ್ತಿದ್ದಾಳೆ. ವ್ಯವಸ್ಥೆ ಮಾಡಿದವರು ನಿಮ್ಮಲ್ಲೇ ಇದ್ದೀರಿ. ಆದರೆ ಅವಳ ಬದುಕಿನಲ್ಲಿ ಎರಡು ವರ್ಷ ಹೋದವು.

ಆದುದರಿಂದಲೇ ಮಕ್ಕಳನ್ನು ಎದುರಿಗೆ ನಿಲ್ಲಿಸಿ ಬುದ್ಧಿ ಹೇಳುವ ಧೈರ್ಯ ನನಗಿಲ್ಲ. ನಮ್ಮ ವಯಸ್ಸಿನವರ ನಡವಳಿಕೆಯನ್ನೇ ನೋಡಿ. ಬೆಳಗಿನ ಐದಕ್ಕೆ ಎದ್ದು ಗುಲಾಬಿ ಹೂವಿನ ಮೇಲೆ 'ಶುಭೋದಯ' ಬರೆದ ಚಿತ್ರವನ್ನು ನಲವತ್ತು ಮಂದಿಗೆ ದಬ್ಬುವವರು ಹದಿನಾರರ ಹುಡುಗರೇನು? ನಾವೇ. ಭಾರತೀಯರ ಈ ಶುಭೋದಯದ ಚಿತ್ರಗಳಿಂದ ಫೋನುಗಳ ಹೊಟ್ಟೆ ತುಂಬಿ ಹೋಗುತ್ತಿದೆಯೆಂದು 2018ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ವರದಿ ಬಂದಿತ್ತು. ಅವನ್ನು ಹುಡುಕಿ ಅಳಿಸುವುದಕ್ಕೆಂದೇ ಗೂಗಲಿನವರು ತಮ್ಮ ಆ್ಯಪೊಂದರಲ್ಲಿ ಏರ್ಪಾಡು ಮಾಡಬೇಕಾಯಿತು. ಇದು ನಗೆಯ ಸಂಗತಿ. ನಗೆಯಲ್ಲದ ಸಂಗತಿಯೂ ಅದೇ ವರ್ಷದ್ದೇ. 2018ರ ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟ ಪರಊರಿನವರನ್ನು ಮಕ್ಕಳ ಕಳ್ಳರೆಂದು ಭ್ರಮಿಸಿ ಗುಂಪು ಅಟ್ಟಿಸಿಕೊಂಡು ಹೋಗಿ ಹೊಡೆಯಿತು. ಹೈದರಾಬಾದಿನ ಒಬ್ಬ ಯುವ ಎಂಜಿನಿಯರ್ ಸತ್ತ. ಸುದ್ದಿ ಹರಡಿದ್ದು ವಾಟ್ಸಾಪಿನಲ್ಲಿ. ಇಂಥ ಸಾಲುಸಾಲು ಕೊಲೆಗಳ ನಂತರವೇ ಆ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ರವಾನಿಸದಂತೆ ಮಿತಿ ಹಾಕಿದ್ದು. ಓದದೆ, ಯೋಚಿಸದೆ ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳುವ ಅಭ್ಯಾಸ ಹೂವಿನ ಚಿತ್ರದಲ್ಲಿ ಶುರುವಾಗುತ್ತದೆ; ಎಲ್ಲಿ ನಿಲ್ಲುತ್ತದೆಂದು ತಳ್ಳಿದವನಿಗೆ ತಿಳಿಯದು. ನಮ್ಮ ಕುಟುಂಬದ ಗುಂಪಿನಲ್ಲಿ ಔಷಧಿಯ ಬಗ್ಗೆ, ಅನ್ಯಮತೀಯರ ಬಗ್ಗೆ ಬರುವ ಸಂದೇಶಗಳ ಮೂಲವೇನೆಂದು ನಾನು ಕೇಳಿದಾಗಲೆಲ್ಲ "ಬಂದದ್ದನ್ನು ಕಳಿಸಿದೆ ಅಷ್ಟೆ" ಎಂಬ ಉತ್ತರ ಬರುತ್ತದೆ. ನಕಲು ಹೊಡೆದು ಸಿಕ್ಕಿಬಿದ್ದವರೂ ಇದನ್ನೇ ಹೇಳುತ್ತಿದ್ದರು.

ಇನ್ನು ಪರಿಹಾರವೆಂದು ಈಚೆಗೆ ಬಂದಿರುವ 'ಡಿಜಿಟಲ್ ಉಪವಾಸ'ದ ವಿಷಯ. ಭಾನುವಾರ ಒಂದು ದಿನ ಫೋನು ಮುಟ್ಟುವುದಿಲ್ಲವೆಂದು ಶನಿವಾರ ರಾತ್ರಿ ಫೋನಿನಲ್ಲೇ ಘೋಷಿಸುವುದು, ಸೋಮವಾರ ಅದರ ಅನುಭವವನ್ನು ಫೋನಿನಲ್ಲೇ ವರ್ಣಿಸುವುದು. ಏಕಾದಶಿಯ ಉಪವಾಸಕ್ಕೆ ದ್ವಾದಶಿಯ ಪಾರಣೆ ಇದ್ದಂತೆ, ಮರುದಿನ ಬಾಕಿಯನ್ನೆಲ್ಲ ಬಡ್ಡಿ ಸಮೇತ ತೀರಿಸುತ್ತಾರೆ. ಇದರಲ್ಲಿ ನನಗೆ ನಂಬಿಕೆಯಿಲ್ಲ. ಮನೋಬಲದ ಉಪದೇಶದಲ್ಲೂ ಇಲ್ಲ. ಸಾವಿರಾರು ಬುದ್ಧಿವಂತರು ಸಂಬಳ ಪಡೆದು ಹಗಲಿರುಳು ಒಂದು ಕಡೆ ಎಳೆಯುವಾಗ, ಇನ್ನೊಂದು ತುದಿಯಲ್ಲಿ ಒಬ್ಬನೇ ಹಗ್ಗ ಹಿಡಿದು ಮನೋಬಲದಿಂದ ನಿಲ್ಲು ಎಂದರೆ ಅದು ಹಗ್ಗಜಗ್ಗಾಟದ ಪಂದ್ಯವೂ ಅಲ್ಲ.

ಶಾಲೆಯಲ್ಲಿ ನಾವು ಮನೋಬಲವನ್ನು ನೆಚ್ಚಿಕೊಂಡಿರಲಿಲ್ಲ, ಗಂಟೆಯನ್ನು ನೆಚ್ಚಿಕೊಂಡಿದ್ದೆವು. ಮಾವಿನಮರದ ಕೊಂಬೆಗೆ ತೂಗುಹಾಕಿದ್ದ ರೈಲುಕಂಬಿಯ ತುಂಡು ನಿಮಗೆಲ್ಲ ನೆನಪಿರಬೇಕು. ಎಷ್ಟೇ ಸ್ವಾರಸ್ಯವಾದ ಪಾಠವಿರಲಿ, ಜವಾನ ಬಾರಿಸಿದೊಡನೆ ಮುಗಿಯಿತು. ಪುಸ್ತಕದ ಅಧ್ಯಾಯಕ್ಕೆ ಕೊನೆಯಿತ್ತು. ಆಕಾಶವಾಣಿಯ ವಾರ್ತೆಗೆ ಕೊನೆಯಿತ್ತು. ರಾತ್ರಿ ನಿಲಯವೇ ಮುಚ್ಚುತ್ತಿತ್ತು. ಲೋಕದ ಸಾಮಗ್ರಿಗಳಿಗೆಲ್ಲ ತಮ್ಮವೇ ಆದ ನಿಲುಗಡೆಗಳಿದ್ದವು. ನಾವು ನಮ್ಮ ಸಂಯಮವೆಂದು ಹೆಮ್ಮೆಪಡುತ್ತಿದ್ದುದರಲ್ಲಿ ಅರ್ಧ ಪಾಲು ಆ ನಿಲುಗಡೆಗಳದ್ದು. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾದ ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಮಿನ ರೀಲ್ಸು, ಸೆಪ್ಟೆಂಬರಿನಲ್ಲಿ ಯೂಟ್ಯೂಬಿನ ಶಾರ್ಟ್ಸು ನಮ್ಮ ದೇಶಕ್ಕೆ ಬಂದವು. ಅವುಗಳಲ್ಲಿ ನಿಲುಗಡೆಯೆಂಬುದೇ ಇಲ್ಲ. ಗಂಟೆ ಕಿತ್ತುಹಾಕಿದ ಶಾಲೆಯಲ್ಲಿ ಮಕ್ಕಳು ಹೊರಗೆ ಬರಲಿಲ್ಲವೆಂದು ಗದರಿಸಿ ಪ್ರಯೋಜನವೇನು? ಗಂಟೆಯನ್ನು ಮತ್ತೆ ಕಟ್ಟಬೇಕು.

ನಾನು ಕಟ್ಟಿಕೊಂಡ ಗಂಟೆಗಳನ್ನು ಹೇಳುತ್ತೇನೆ. ಮೊದಲಿಗೆ ಫೋನಿನಲ್ಲೇ ಇರುವ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದೆ. 2018ರಿಂದೀಚೆಗೆ ಆ್ಯಂಡ್ರಾಯ್ಡಿನಲ್ಲೂ ಐಫೋನಿನಲ್ಲೂ ಈ ಅನುಕೂಲ ಬಂದಿದೆ. ಸೆಟಿಂಗ್ಸ್‌ನಲ್ಲಿ 'ಡಿಜಿಟಲ್ ವೆಲ್‌ಬೀಯಿಂಗ್' ಅಥವಾ 'ಸ್ಕ್ರೀನ್ ಟೈಮ್' ಎಂದು ಹುಡುಕಿ. ದಿನಕ್ಕೆ 4 ಗಂಟೆ 10 ನಿಮಿಷ ಎಂದಿತು. ನಾನು ಒಂದು ಗಂಟೆಯೆಂದು ಎಣಿಸಿದ್ದೆ. ಕರೆಗಳನ್ನುಳಿದು ಎಲ್ಲ ಬಗೆಯ ಸೂಚನೆಗಳ ಸದ್ದನ್ನೂ ಚಿತ್ರವನ್ನೂ ನಿಲ್ಲಿಸಿದೆ. ಒಂದೊಂದೇ ಆ್ಯಪಿನ ಬಾಗಿಲಿಗೆ ಹೋಗಿ ಬೀಗ ಹಾಕಲು ಮುಕ್ಕಾಲು ಗಂಟೆ ಹಿಡಿಯಿತು. ತೆರೆದಿಡುವುದು ಇವರಿಗೆ ಎಷ್ಟು ಮುಖ್ಯವೆಂಬುದಕ್ಕೆ ಬೀಗ ಹಾಕುವುದನ್ನು ಇಷ್ಟು ಕಷ್ಟ ಮಾಡಿರುವುದೇ ಸಾಕ್ಷಿ. ಪರದೆಯ ಬಣ್ಣ ತೆಗೆದು ಬೂದುಬಣ್ಣ ಮಾಡಿದೆ. (ಇದನ್ನು ಒಂದು ತಿಂಗಳಲ್ಲಿ ಕೈಬಿಟ್ಟೆ, ಮೊಮ್ಮಗನ ಮುಖ ಬೂದಿಯಂತೆ ಕಾಣುವುದನ್ನು ನನ್ನ ಹೆಂಡತಿ ಸಹಿಸಲಿಲ್ಲ.) ಪೇಟೆಯಲ್ಲಿ ಒಂದು ಅಲಾರಾಂ ಗಡಿಯಾರ ಕೊಂಡೆ, ಆ ಒಂದೇ ನೆಪದಿಂದ ಫೋನು ಹಾಸಿಗೆಯ ಬಳಿಗೆ ಬರುತ್ತಿತ್ತು. ಈಗ ಅದು ರಾತ್ರಿ ಒಂಬತ್ತರ ಮೇಲೆ ಹೊರಬಾಗಿಲ ಬಳಿಯ ಗೂಡಿನಲ್ಲಿ ಚಪ್ಪಲಿಗಳ ನೆರೆಯಲ್ಲಿ ಮಲಗುತ್ತದೆ.

ಎಲ್ಲಕ್ಕಿಂತ ಫಲಿಸಿದ್ದು ಒಂದು ಬಡ ಉಪಾಯ. ಕಂಪ್ಯೂಟರಿನ ಪಕ್ಕದಲ್ಲಿ, ಹಳೆಯ ಹಾಜರಿ ಪುಸ್ತಕವನ್ನು ಕತ್ತರಿಸಿ ಮಾಡಿದ ಚೀಟಿಗಳನ್ನು ಇಟ್ಟಿದ್ದೇನೆ. ಯಂತ್ರವನ್ನು ತೆರೆಯುವ ಮೊದಲು ಏತಕ್ಕೆ ತೆರೆಯುತ್ತಿದ್ದೇನೆಂದು ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆಯಬೇಕು. 'ವಿದ್ಯುತ್ ಬಿಲ್ಲು.' 'ತಂಗಿಯ ಮಗನಿಗೆ ಉತ್ತರ.' 'ಹಳಗನ್ನಡದ ಒಂದು ಶಬ್ದದ ಅರ್ಥ.' ಕೆಲಸ ಮುಗಿದೊಡನೆ ಚೀಟಿಯನ್ನು ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಎದ್ದುಬಿಡಬೇಕು. ಮೊದಲ ವಾರದಲ್ಲೇ ಒಂದು ಸತ್ಯ ಬಯಲಾಯಿತು: ಎಷ್ಟೋ ಬಾರಿ ಪೆನ್ಸಿಲು ಹಿಡಿದು ಕುಳಿತರೆ ಬರೆಯಲು ಏನೂ ಇರುತ್ತಿರಲಿಲ್ಲ. ಬೇಸರ, ಮೊಣಕಾಲಿನ ನೋವು, ಯಾರೋ ಒಬ್ಬರ ಮೇಲಿನ ಅಸಮಾಧಾನ, ಇವನ್ನು ಚೀಟಿಯಲ್ಲಿ ಬರೆಯಲು ನಾಚಿಕೆಯಾಗಿ ಎದ್ದು ತೋಟಕ್ಕೆ ಹೋದದ್ದುಂಟು. ಕ್ರಿಕೆಟ್ಟಿನ ಋತುವಿನಲ್ಲಿ ಈ ನೇಮ ಮೂರು ವಾರ ಪೂರ್ತಿ ಮುರಿದುಬಿತ್ತೆಂಬುದನ್ನೂ ದಾಖಲಿಸುತ್ತೇನೆ. ಮತ್ತೆ ಹಿಡಿದೆ. ಈ ಫೆಬ್ರವರಿಯಲ್ಲಿ ಲೆಕ್ಕ 1 ಗಂಟೆ 20 ನಿಮಿಷಕ್ಕೆ ಇಳಿದಿತ್ತು.

ಒಂಟಿಯಾಗಿ ಮಾಡುವುದಕ್ಕಿಂತ ಕೂಡಿ ಮಾಡುವುದು ಸುಲಭ. ಬೆಳಗಾವಿಗೆ ನೆರೆಯ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಿದೆ. ಕೋವಿಡ್ ಕಾಲದ ಆನ್‌ಲೈನ್ ಪಾಠಗಳ ನಂತರ ಮಕ್ಕಳು ಫೋನು ಕೆಳಗಿಡದಿರುವುದನ್ನು ಕಂಡು, 2022ರಲ್ಲಿ ಆ ಊರಿನವರೆಲ್ಲ ಸೇರಿ ತೀರ್ಮಾನಿಸಿದರು: ಸಂಜೆ ಏಳಕ್ಕೆ ದೇವಸ್ಥಾನದಿಂದ ಸೈರನ್ ಮೊಳಗಿದರೆ, ಎಂಟೂವರೆಯವರೆಗೆ ಮನೆಮನೆಯಲ್ಲೂ ಫೋನು, ಟಿವಿ ಬಂದ್. ಮಕ್ಕಳಿಗೆ ಮಾತ್ರ ಅಲ್ಲ, ದೊಡ್ಡವರಿಗೂ. ನನ್ನ ಮೆಚ್ಚುಗೆಯೆಲ್ಲ ಆ 'ಊ'ಕಾರಕ್ಕೆ. ಆಸ್ಟ್ರೇಲಿಯಾ 2025ರ ಡಿಸೆಂಬರಿನಿಂದ ಹದಿನಾರು ವರ್ಷದೊಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ಕಾನೂನು ಜಾರಿಗೆ ತಂದಿದೆ. ಒಳ್ಳೆಯದೇ ಇರಬಹುದು. ಆದರೆ ಹದಿನೇಳಕ್ಕೆ ಕಾಲಿಟ್ಟವನು ಸುತ್ತ ನೋಡಿದಾಗ ಅಪ್ಪ ಅಮ್ಮ ಅಜ್ಜ ಎಲ್ಲರೂ ಕುಕ್ಕುತ್ತಿದ್ದರೆ ಅವನು ಇನ್ನೇನು ಮಾಡಿಯಾನು? ಚಟ ಕೈಮೀರಿದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ 'ಶಟ್' ಎಂಬ ಚಿಕಿತ್ಸಾಲಯವಿದೆ. ಅಂಥ ಮಕ್ಕಳಿರುವ ಮನೆಯವರು ಉಪದೇಶದಲ್ಲಿ ಕಾಲ ಕಳೆಯದೆ ಅಲ್ಲಿಗೆ ಹೋಗಬೇಕು. ಸಂಕೋಚಪಡುವಂಥದ್ದು ಏನೂ ಇಲ್ಲ.

ಒಂದು ನ್ಯಾಯದ ಮಾತನ್ನು ಹೇಳದಿದ್ದರೆ ಈ ಬರಹ ನಿವೃತ್ತನ ಐಷಾರಾಮವಾದೀತು. ಫೋನನ್ನು ಗೂಡಿನಲ್ಲಿಡುವ ಸ್ವಾತಂತ್ರ್ಯ ಎಲ್ಲರಿಗೂ ಇಲ್ಲ. ಊಟದ ಪೊಟ್ಟಣ ತಲುಪಿಸುವ ಹುಡುಗನಿಗೆ ಅದೇ ಅನ್ನ. ನಿಮ್ಮಲ್ಲಿ ಉಪಾಧ್ಯಾಯರಾಗಿರುವವರು ಹೇಳುವುದನ್ನು ಕೇಳಿದ್ದೇನೆ: ಬಿಸಿಯೂಟದ ಲೆಕ್ಕ, ಹಾಜರಿ, ತರಬೇತಿಯ ಆದೇಶ ಎಲ್ಲವೂ ಗುಂಪಿಗೇ ಬರುತ್ತವೆ, ರಾತ್ರಿ ಒಂಬತ್ತಕ್ಕೂ ಬರುತ್ತವೆ, ನೀಲಿ ಗೆರೆ ಮೂಡಿದರೆ ಓದಿದಂತೆ, ಓದಿದರೆ ಒಪ್ಪಿದಂತೆ. ಫ್ರಾನ್ಸಿನಲ್ಲಿ 2017ರ ಜನವರಿಯಿಂದ, ಕೆಲಸದ ವೇಳೆ ಮುಗಿದ ಮೇಲೆ ಸಂಪರ್ಕದಿಂದ ಬಿಡುಗಡೆ ಪಡೆಯುವ ಹಕ್ಕಿಗೆ ಕಾನೂನಿನ ಆಸರೆಯಿದೆ. ನಮ್ಮಲ್ಲಿ ಕಾನೂನು ಬರುವಾಗ ಬರಲಿ. ನಿಮ್ಮಲ್ಲಿ ಅಧಿಕಾರಿಗಳಾಗಿರುವವರು, ಕಂಪನಿಗಳಲ್ಲಿ ಹತ್ತು ಮಂದಿಯ ಮೇಲೆ ಇರುವವರು ಬಹಳ ಜನರಿದ್ದೀರಿ. ಸಂಜೆ ಆರರ ಮೇಲೆ ಹೊಳೆದ ಆದೇಶವನ್ನು ಬರೆದಿಟ್ಟುಕೊಂಡು ಬೆಳಿಗ್ಗೆ ಹತ್ತಕ್ಕೆ ಕಳಿಸಲು ನಿಮಗೆ ಯಾವ ಕಾನೂನು ಬೇಕು?

ಗೃಹಪ್ರವೇಶದಲ್ಲಿ ನನ್ನನ್ನು ಸುತ್ತುವರಿದ ನಾಲ್ವರಿಗೂ ಒಂದು ಸೂಚನೆ. ಬರುವ ದಸರೆಯ ರಜೆಗೆ ಮಕ್ಕಳನ್ನು ಕರೆದುಕೊಂಡು ನಮ್ಮಲ್ಲಿಗೆ ಬನ್ನಿ. ಬಾಗಿಲ ಬಳಿಯ ಗೂಡಿನಲ್ಲಿ ಆರು ಫೋನುಗಳಿಗೆ ಜಾಗವಿದೆ. ದೊಡ್ಡವರದು ಮೊದಲು ಒಳಗೆ ಹೋಗಬೇಕು, ಆಮೇಲೆ ಮಕ್ಕಳದು. ಉಳಿದವರಿಗೂ ತಿಳಿದಿರಲಿ: ಸಂದೇಶಗಳನ್ನು ನಾನು ಬೆಳಿಗ್ಗೆ ಹತ್ತಕ್ಕೂ ಸಂಜೆ ಐದಕ್ಕೂ ನೋಡುತ್ತೇನೆ, ನಡುವೆ ಉತ್ತರ ಬಾರದಿದ್ದರೆ ಕಾಯಿಲೆಯೆಂದು ಗಾಬರಿಯಾಗಬೇಡಿ. ತುರ್ತಾದರೆ ಕರೆ ಮಾಡಿ, ಅದರ ಸದ್ದು ಮಾತ್ರ ಬಿಟ್ಟಿದ್ದೇನೆ. ಶುಭೋದಯದ ಚಿತ್ರಗಳನ್ನು ದಯಮಾಡಿ ಕಳಿಸಬೇಡಿ. ಮನೆಗೆ ಬರುವವರು ಮುಂಚೆ ತಿಳಿಸಬೇಕಾಗಿಲ್ಲ. ಮಳೆಯಿದ್ದರೆ ಕೊಡೆಯನ್ನು ಜಗಲಿಯಲ್ಲಿಡಿ, ಕೊನೆಯ ಬಸ್ಸು ಆರೂಕಾಲಕ್ಕೆ.